ಪ್ರಯೋಗಾಲಯದಲ್ಲೊಂದು ಮೇಜು: ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮಹಿಳೆಯರು, 1933–1953

ಜಮ್‌ಷೆಡ್‌ಜಿ ಟಾಟಾ ಅವರ ಯೋಜನೆಯಂತೆ 1909ರಲ್ಲಿ ಸ್ಥಾಪನೆಯಾಗಿ, ಮೈಸೂರು ಅರಸರು ಕೊಟ್ಟ 371 ಎಕರೆ ನೆಲದಲ್ಲಿ ಕಟ್ಟಡಗಳನ್ನು ಎಬ್ಬಿಸಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಮೊದಲ ಅರ್ಧ ಶತಮಾನದ ಉದ್ದಕ್ಕೂ ಸಂಶೋಧನೆಯನ್ನು ಮಾಡಿಸುತ್ತಿತ್ತೇ ಹೊರತು ವಿಶ್ವವಿದ್ಯಾಲಯದ ಪದವಿಯನ್ನು ಕೊಡುತ್ತಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ಅದಕ್ಕೆ ದೊರೆತದ್ದು 1958ರಲ್ಲಿ. ಅಲ್ಲಿಯವರೆಗೆ ಅದು ಕೊಡುತ್ತಿದ್ದುದು ತನ್ನದೇ ಆದ ಅಸೋಸಿಯೇಟ್‌ಷಿಪ್, ಫೆಲೋಷಿಪ್ ಮತ್ತು ಡಿಪ್ಲೊಮಾಗಳನ್ನು ಮಾತ್ರ. ಎಂ.ಎಸ್ಸಿ. ಅಥವಾ ಪಿಎಚ್.ಡಿ. ಬೇಕಾದವರು ಇಲ್ಲಿ ಮಾಡಿದ ಕೆಲಸವನ್ನು ಪ್ರಬಂಧವಾಗಿಸಿ ಮುಂಬಯಿಗೋ ಮದರಾಸಿಗೋ ಇನ್ನಾವುದಾದರೂ ವಿಶ್ವವಿದ್ಯಾಲಯಕ್ಕೋ ಒಪ್ಪಿಸಬೇಕಾಗಿತ್ತು. ಊರಿನವರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ರೂಢಿಯಾಗಿದ್ದ ಈ ಸಂಸ್ಥೆಯಲ್ಲಿ ಕೆಲಸ ಮಾಡುವ ಅವಕಾಶ ಒಬ್ಬರ ಕೈಯಲ್ಲಿಯೂ, ಆ ಕೆಲಸಕ್ಕೆ ಮನ್ನಣೆಯ ಕಾಗದ ಇನ್ನೊಬ್ಬರ ಕೈಯಲ್ಲಿಯೂ ಇದ್ದ ಈ ವ್ಯವಸ್ಥೆ ಗಂಡಸರಿಗೂ ತೊಡಕಿನದೇ ಆಗಿತ್ತು. ಆದರೆ 1930 ಮತ್ತು 40ರ ದಶಕಗಳಲ್ಲಿ ಇಲ್ಲಿಗೆ ಬಂದ ಬೆರಳೆಣಿಕೆಯ ಮಹಿಳೆಯರ ಪಾಲಿಗೆ ಅದು ಎರಡೆರಡು ಹೊಸ್ತಿಲುಗಳನ್ನು ದಾಟಬೇಕಾದ ಪರಿಸ್ಥಿತಿಯನ್ನು ತಂದೊಡ್ಡಿತು. ಅವರ ಕಥೆಯನ್ನು ಸಾಮಾನ್ಯವಾಗಿ ಮೊದಲ ಹೊಸ್ತಿಲಿನ ಕಥೆಯಾಗಿ, ಎಂದರೆ ಪ್ರವೇಶದ ಕಥೆಯಾಗಿ ಹೇಳಲಾಗುತ್ತದೆ. ಒಳಗೆ ಬಂದ ಮೇಲೆ ಯಾವ ವಿಭಾಗದಲ್ಲಿ, ಯಾರ ಕೈಕೆಳಗೆ, ಯಾವ ಷರತ್ತಿನ ಮೇಲೆ ಕೂರಲು ಜಾಗ ಸಿಕ್ಕಿತು ಎಂಬುದು ಪ್ರವೇಶಕ್ಕಿಂತಲೂ ಹೆಚ್ಚಾಗಿ ಅವರ ಮುಂದಿನ ಬದುಕನ್ನು ರೂಪಿಸಿತು.

ಆ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಹೊಸದೇನೂ ಆಗಿರಲಿಲ್ಲ. ಅಂಬಿಲ್ ನರಸಿಂಹ ಅಯ್ಯಂಗಾರ್ ಅವರ ಪ್ರಯತ್ನದಿಂದ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದು 1881ರಲ್ಲಿಯೇ ಆರಂಭವಾಗಿ, ಮಹಾರಾಣಿಯವರ ಹೆಸರಿನಲ್ಲಿ ಬೆಳೆದು ಕಾಲೇಜಾಗಿತ್ತು. ಹಾಗೆ ಓದಿದವರ ಮುಂದೆ ಇದ್ದ ದಾರಿಗಳು ಹೆಚ್ಚಾಗಿ ಎರಡೇ: ಶಾಲೆಯ ಉಪಾಧ್ಯಾಯಿನಿಯಾಗುವುದು, ಇಲ್ಲವೆ ವೈದ್ಯೆಯಾಗುವುದು. ಸಂಶೋಧನೆಯೆಂಬುದನ್ನೇ ವೃತ್ತಿಯಾಗಿ ಹಿಡಿಯುವ ಯೋಚನೆ ಗಂಡಸರಲ್ಲಿಯೇ ವಿರಳವಾಗಿದ್ದ ಕಾಲವದು. ಟಾಟಾ ಇನ್‌ಸ್ಟಿಟ್ಯೂಟಿನ ಹಳೆಯ ದಾಖಲೆಗಳಲ್ಲಿ 1920ರ ದಶಕದಲ್ಲಿಯೇ ಒಬ್ಬಿಬ್ಬರು ಮಹಿಳೆಯರ ಹೆಸರು ಕಾಣಸಿಗುವುದರಿಂದ, 1933ರಲ್ಲಿ ಬಂದ ಕಮಲಾ ಭಾಗವತ್ ಅವರನ್ನು ಸಂಸ್ಥೆಯ ಮೊದಲ ವಿದ್ಯಾರ್ಥಿನಿ ಎಂದು ಕರೆಯುವ ರೂಢಿಯನ್ನು ಅಕ್ಷರಶಃ ಒಪ್ಪುವಂತಿಲ್ಲ. ಆದರೂ ಪ್ರವೇಶದ ಪ್ರಶ್ನೆಯನ್ನು ಸಂಸ್ಥೆಯ ಮುಖ್ಯಸ್ಥರ ಎದುರಿಗೇ ಎತ್ತಿ, ಅದಕ್ಕೆ ಉತ್ತರ ಪಡೆದವರು ಅವರೇ.

ಇಂದೋರಿನಲ್ಲಿ 1911ರಲ್ಲಿ ಹುಟ್ಟಿದ ಕಮಲಾ ಅವರ ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನ ವಿಜ್ಞಾನಿಗಳಾಗಿದ್ದು, ಇದೇ ಸಂಸ್ಥೆಯಲ್ಲಿ ಕಲಿತವರಾಗಿದ್ದರು. ಹಾಗಾಗಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಮಗಳು ಬೆಂಗಳೂರಿಗೆ ಅರ್ಜಿ ಹಾಕಿದ್ದು ಮನೆತನದ ದಾರಿಯನ್ನು ಹಿಡಿದಂತೆಯೇ ಆಗಿತ್ತು. ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಸಿ.ವಿ. ರಾಮನ್ ಅವರು ಅಧಿಕಾರ ವಹಿಸಿಕೊಂಡದ್ದು ಅದೇ ವರ್ಷ. 1930ರ ನೊಬೆಲ್ ಪ್ರಶಸ್ತಿಯ ಕೀರ್ತಿಯೊಡನೆ ಕಲ್ಕತ್ತೆಯಿಂದ ಬಂದಿದ್ದ ಅವರು ಹೆಣ್ಣೆಂಬ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸಿದರು. ಕಮಲಾ ಅವರು ಬೆಂಗಳೂರಿಗೇ ಬಂದು, ನಿರಾಕರಣೆಗೆ ಕಾರಣವನ್ನು ಕೇಳಿ, ಗಾಂಧೀಜಿಯವರ ಮಾರ್ಗದಲ್ಲಿ ಸತ್ಯಾಗ್ರಹ ಹೂಡುವ ನಿರ್ಧಾರವನ್ನು ತಿಳಿಸಿದ ಮೇಲೆ, ಮೂರು ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮೊದಲ ವರ್ಷ ಅವರು ಕ್ರಮಬದ್ಧ ವಿದ್ಯಾರ್ಥಿನಿಯಾಗಿರದೆ ಪರೀಕ್ಷಾರ್ಥವಾಗಿ ಮಾತ್ರ ಇರಬೇಕು ಮತ್ತು ಕೆಲಸ ತೃಪ್ತಿಕರವಾದರೆ ಮಾತ್ರ ಅದು ಲೆಕ್ಕಕ್ಕೆ ಬರುವುದು. ಮಾರ್ಗದರ್ಶಕರು ಹೇಳಿದರೆ ರಾತ್ರಿಯ ಹೊತ್ತೂ ದುಡಿಯಬೇಕು. ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು. ಒಬ್ಬ ಹೆಣ್ಣುಮಗಳು ಮೇಜಿನ ಮುಂದೆ ಕುಳಿತು ಹಾಲಿನ ಸಾರಜನಕವನ್ನು ಅಳೆದರೆ ವಾತಾವರಣ ಕೆಡುವುದೆಂಬ ಶಂಕೆಯೇ ಒಂದು ನಿಯಮದ ರೂಪ ಪಡೆದಿತ್ತು ಎಂಬುದು ಆ ಕಾಲದ ಮನೋಧರ್ಮವನ್ನು ತಿಳಿಸುತ್ತದೆ. ಆರು ದಶಕಗಳ ಬಳಿಕ, 1997ರಲ್ಲಿ, ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ ಈ ಪ್ರಸಂಗವನ್ನು ನೆನೆದ ಕಮಲಾ ಅವರು, ರಾಮನ್ ಅವರ ವಿಜ್ಞಾನದ ಹಿರಿಮೆಯನ್ನು ಒಪ್ಪುತ್ತಲೇ, ತಮಗಾದ ಅವಮಾನವನ್ನು ಮರೆಯಲಾಗದೆಂದು ನೇರವಾಗಿ ಹೇಳಿದರು.

ಅವರಿಗೆ ದೊರೆತ ವಿಭಾಗ ಜೀವರಸಾಯನ ವಿಜ್ಞಾನ. ಜೀವಿಗಳ ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಅಭ್ಯಸಿಸುವ ಈ ಶಾಸ್ತ್ರ ಆಗಿನ್ನೂ ಎಳೆಯದಾಗಿದ್ದು, ಭೌತಶಾಸ್ತ್ರಕ್ಕಿದ್ದ ಪ್ರತಿಷ್ಠೆ ಅದಕ್ಕಿರಲಿಲ್ಲ. ಎಂ. ಶ್ರೀನಿವಾಸಯ್ಯ ಎಂಬ ಗುರು ಅಲ್ಲಿ ಅವರಿಗೆ ಸಿಕ್ಕಿದರು. ಕಟ್ಟುನಿಟ್ಟಿನವರಾದರೂ ಕಲಿಯುವವರಿಗೆ ಧಾರಾಳವಾಗಿ ಕಲಿಸುತ್ತಿದ್ದ ಅವರ ಮಾರ್ಗದರ್ಶನದಲ್ಲಿ ಕಮಲಾ ಅವರು ಹಾಲು, ಬೇಳೆ ಮತ್ತು ಕಾಳುಗಳಲ್ಲಿನ ಪ್ರೋಟೀನುಗಳನ್ನು ಅಭ್ಯಸಿಸಿದರು. ಬೇಳೆಕಾಳೇ ಬಹುಪಾಲು ಜನರ ಪ್ರೋಟೀನಿನ ಮೂಲವಾಗಿದ್ದ ದೇಶದಲ್ಲಿ, ಅವುಗಳ ಸಾರಜನಕದಲ್ಲಿ ಪ್ರೋಟೀನಿಗೆ ಸೇರಿದ್ದೆಷ್ಟು, ಸೇರದಿರುವುದೆಷ್ಟು ಎಂಬುದನ್ನು ಬೇರ್ಪಡಿಸಿ ಅಳೆಯುವ ಕೆಲಸವನ್ನು ಆಗ ಮಾಡಿದ್ದವರು ತೀರ ಕಡಿಮೆ. 1936ರಲ್ಲಿ ಆ ಕೆಲಸಕ್ಕೆ ಮುಂಬಯಿ ವಿಶ್ವವಿದ್ಯಾಲಯದಿಂದ ವಿಶೇಷ ಮನ್ನಣೆಯೊಡನೆ ಎಂ.ಎಸ್ಸಿ. ಪದವಿ ದೊರೆಯಿತು. ಪರೀಕ್ಷಾರ್ಥದ ವರ್ಷ ಮುಗಿದಾಗಲೇ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಒಪ್ಪಿಕೊಂಡಿದ್ದ ಸಂಸ್ಥೆ, ಆಮೇಲೆ ಇತರ ಮಹಿಳೆಯರನ್ನೂ ಸೇರಿಸಿಕೊಳ್ಳತೊಡಗಿತು.

ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಪಡೆದು 1937ರಲ್ಲಿ ಕೇಂಬ್ರಿಜ್ಜಿಗೆ ಹೋದ ಕಮಲಾ ಅವರು ಸೇರಿದ್ದು ಜೀವಸತ್ವಗಳ ಸಂಶೋಧನೆಗಾಗಿ 1929ರ ನೊಬೆಲ್ ಪ್ರಶಸ್ತಿ ಪಡೆದಿದ್ದ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಅವರ ಪ್ರಯೋಗಾಲಯವನ್ನು. ಮಹಿಳೆಯರಿಗೆ ಉದಾರವಾಗಿ ಜಾಗ ಕೊಡುವುದಕ್ಕೆ ಇಂಗ್ಲೆಂಡಿನಲ್ಲಿಯೇ ಹೆಸರಾಗಿದ್ದ ಪ್ರಯೋಗಾಲಯವದು. ಸೂಕ್ಷ್ಮಜೀವಿಗಳ ಜೀವರಸಾಯನಕ್ಕೆ ಬುನಾದಿ ಹಾಕಿದ ಮಾರ್ಜರಿ ಸ್ಟೀಫನ್‌ಸನ್ ಆಗ ಅಲ್ಲಿಯೇ ಕೆಲಸ ಮಾಡುತ್ತಿದ್ದರು. ಡೆರೆಕ್ ರಿಕ್ಟರ್ ಎಂಬ ಸಹೋದ್ಯೋಗಿ ತಾವು ರಾತ್ರಿ ಮಲಗಲು ಬಳಸುತ್ತಿದ್ದ ಮೇಜನ್ನೇ ಹಗಲಿನಲ್ಲಿ ಕಮಲಾ ಅವರಿಗೆ ಬಿಟ್ಟುಕೊಟ್ಟರೆಂದು ಹೇಳಲಾಗುತ್ತದೆ. ರಿಕ್ಟರ್ ಅವರ ಬಳಿಕ ರಾಬಿನ್ ಹಿಲ್ ಅವರೊಂದಿಗೆ ಕೆಲಸ ಮಾಡಿದ ಅವರು, ಆಲೂಗಡ್ಡೆಯಿಂದ ಆರಂಭಿಸಿ, ಸಸ್ಯಗಳ ಜೀವಕೋಶಗಳಲ್ಲಿ ‘ಸೈಟೋಕ್ರೋಮ್ ಸಿ’ ಇರುವುದನ್ನು ತೋರಿಸಿದರು. ಉಸಿರಾಟದ ಸರಪಳಿಯಲ್ಲಿ ಎಲೆಕ್ಟ್ರಾನುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಪ್ರೋಟೀನ್ ಅದು. ಪ್ರಾಣಿಗಳ ಅಂಗಾಂಶದಲ್ಲಿ ಗೊತ್ತಿದ್ದ ಉಸಿರಾಟದ ಯಂತ್ರ ಹೂಬಿಡುವ ಸಸ್ಯಗಳಲ್ಲಿಯೂ ಇದೆ ಎಂಬುದನ್ನು ಹಿಲ್ ಮತ್ತು ಭಾಗವತ್ ಇಬ್ಬರ ಹೆಸರಿನಲ್ಲಿ 1939ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಟಿಪ್ಪಣಿ ಪ್ರಕಟಿಸಿತು. ಹದಿನಾಲ್ಕು ತಿಂಗಳ ಕೆಲಸ, ಸುಮಾರು 40 ಪುಟಗಳ ಪ್ರಬಂಧ; ಅಷ್ಟಕ್ಕೆ ಕೇಂಬ್ರಿಜ್ಜಿನ ಪಿಎಚ್.ಡಿ. ದೊರೆತು, ಬ್ರಿಟನ್ನಿನಲ್ಲಿ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂಬ ಹೆಸರು ಅವರದಾಯಿತು. (ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರು 1931ರಲ್ಲಿಯೇ ಡಾಕ್ಟರೇಟ್ ಪಡೆದಿದ್ದರು.)

ಇಲ್ಲೊಂದು ವಿಷಯವನ್ನು ಗಮನಿಸದೆ ಮುಂದೆ ಹೋಗುವಂತಿಲ್ಲ. ಬೆಂಗಳೂರಿನ ಸಂಕುಚಿತತೆಯಿಂದ ಬಿಡಿಸಿಕೊಂಡು ಕೇಂಬ್ರಿಜ್ಜಿನ ಔದಾರ್ಯವನ್ನು ಸೇರಿದರೆಂದು ಈ ಕಥೆಯನ್ನು ಹೇಳುವುದು ಸುಲಭ. ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯ ಆ ದಿನಗಳಲ್ಲಿ ಮಹಿಳೆಯರಿಗೆ ಕೊಡುತ್ತಿದ್ದುದು ಪದವಿಯ ಹೆಸರನ್ನು ಮಾತ್ರ. 1921ರಿಂದ ಜಾರಿಯಲ್ಲಿದ್ದ ಆ ಏರ್ಪಾಡಿನ ಪ್ರಕಾರ ಮಹಿಳೆಯರು ಬಿರುದನ್ನು ಹೆಸರಿನ ಮುಂದೆ ಬರೆದುಕೊಳ್ಳಬಹುದಿತ್ತು, ಆದರೆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರಾಗಿ ಅದರ ಆಡಳಿತದಲ್ಲಿ ಮತ ಹಾಕುವ ಹಕ್ಕು ಅವರಿಗಿರಲಿಲ್ಲ; ಅದು ದೊರೆತದ್ದು 1948ರಲ್ಲಿ. ಕೆಲಸಕ್ಕೆ ಮೇಜು ಒಂದು ಕಡೆ, ಮನ್ನಣೆ ಇನ್ನೊಂದು ಕಡೆ ಎಂಬ ಇಬ್ಬಗೆ ಟಾಟಾ ಇನ್‌ಸ್ಟಿಟ್ಯೂಟಿನದಷ್ಟೇ ಆಗಿರಲಿಲ್ಲ.

1939ರಲ್ಲಿ ಭಾರತಕ್ಕೆ ಮರಳಿದ ಕಮಲಾ ಅವರ ಮುಂದಿನ ಜೀವನವನ್ನು ಇಲ್ಲಿ ವಿವರವಾಗಿ ಹೇಳಬೇಕಿಲ್ಲ. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು ಮತ್ತು ಕೂನೂರಿನ ಪೋಷಣಾ ಸಂಶೋಧನಾಲಯಗಳ ಬಳಿಕ, 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ಒಳಜಗಳಗಳಿಂದ ನಾಲ್ಕು ವರ್ಷ ತಡವಾಗಿ ಅದರ ನಿರ್ದೇಶಕಿಯೂ ಆದರು. ಬೆಂಗಳೂರಿನಲ್ಲಿ ಬೇಳೆಕಾಳಿನಿಂದ ಹಿಡಿದ ದಾರಿಯನ್ನು ಅವರು ಬಿಡಲಿಲ್ಲ. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸೂಚನೆಯಂತೆ ನೀರಾವನ್ನು, ಎಂದರೆ ತಾಳೆ ಜಾತಿಯ ಮರಗಳಿಂದ ಇಳಿಸಿದ, ಹುಳಿಯದ ಸಿಹಿರಸವನ್ನು ಕುರಿತು ವರ್ಷಗಟ್ಟಲೆ ದುಡಿದು, ಅದರಲ್ಲಿನ ಜೀವಸತ್ವಗಳು ಮತ್ತು ಕಬ್ಬಿಣದ ಅಂಶಗಳು ಬೆಲ್ಲವಾಗಿ ಕಾಯಿಸಿದ ಮೇಲೂ ಉಳಿಯುತ್ತವೆಂದೂ, ಪೌಷ್ಟಿಕತೆಯಿಲ್ಲದೆ ಬಳಲುವ ಆದಿವಾಸಿ ಮಕ್ಕಳು ಮತ್ತು ಗರ್ಭಿಣಿಯರಿಗೆ ಅಗ್ಗವಾಗಿ ಒದಗಬಲ್ಲ ಆಹಾರವದೆಂದೂ ತೋರಿಸಿದರು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಏರ್ಪಡಿಸಿದ್ದ ಸನ್ಮಾನದ ಸಂದರ್ಭದಲ್ಲಿ ಕುಸಿದುಬಿದ್ದ ಅವರು ಸ್ವಲ್ಪ ಸಮಯದಲ್ಲಿಯೇ ತೀರಿಕೊಂಡರು.

ಕಮಲಾ ಅವರ ಪ್ರವೇಶದಿಂದ ರಾಮನ್ ಅವರ ನಿಲುವು ಸಡಿಲವಾಯಿತೆಂಬುದು ನಿಜ. ಆದರೆ ಎಷ್ಟು ಸಡಿಲವಾಯಿತು ಎಂಬುದನ್ನು ಅವರ ಸ್ವಂತ ಭೌತಶಾಸ್ತ್ರ ವಿಭಾಗದಲ್ಲಿ ನೋಡಬೇಕು. ಆ ವಿಭಾಗದ ಮಹಿಳೆಯರಲ್ಲಿ ಮೂವರ ಹೆಸರು ಮುಖ್ಯವಾಗಿ ಕೇಳಿಬರುತ್ತದೆ. ಮೊದಲನೆಯವರಾದ ಲಲಿತಾ ದೊರೈಸ್ವಾಮಿ 1936ರಲ್ಲಿ ರಾಮನ್ ಅವರ ಅಣ್ಣನ ಮಗ, ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಮದುವೆಯಾಗಿ ಅಮೆರಿಕಕ್ಕೆ ಹೋಗಿ ಸಂಶೋಧನೆಯಿಂದ ದೂರವಾದರು. ಎರಡನೆಯವರಾದ ಸುನಂದಾ ಬಾಯಿ ಬೆಳಕು ದ್ರವಗಳಲ್ಲಿ ಚದುರುವ ರೀತಿಯ ಬಗ್ಗೆ ತಮ್ಮೊಬ್ಬರ ಹೆಸರಿನಲ್ಲಿಯೇ ಹಲವಾರು ಲೇಖನಗಳನ್ನು ಪ್ರಕಟಿಸಿದವರು. ಡಾಕ್ಟರೇಟಿಗೆ ಬೇಕಾದಷ್ಟು ಕೆಲಸ ಮಾಡಿಯೂ ಪದವಿ ಅವರಿಗೆ ದಕ್ಕಲಿಲ್ಲ, ಮುಂದಿನ ಸಂಶೋಧನೆಗಾಗಿ ಸ್ವೀಡನ್ನಿಗೆ ಹೊರಡಬೇಕಿದ್ದ ಹೊತ್ತಿನಲ್ಲಿ ಅಕಾಲ ಮರಣಕ್ಕೀಡಾದರು. ಭಾರತದ ವಿಜ್ಞಾನ ಚರಿತ್ರೆಯಲ್ಲಿ ಅವರಿಗೆ ದೊರೆತಿರುವ ಸ್ಥಳ ಅವರ ಕೆಲಸಕ್ಕೆ ಹೋಲಿಸಿದರೆ ಏನೂ ಸಾಲದು. ಮೂರನೆಯವರು ಅನ್ನಾ ಮಾಣಿ.

ತಿರುವಾಂಕೂರಿನ ಪೀರುಮೇಡಿನಲ್ಲಿ 1918ರ ಆಗಸ್ಟ್ 23ರಂದು, ಏಲಕ್ಕಿ ತೋಟಗಳನ್ನು ಹೊಂದಿದ್ದ ಇಂಜಿನಿಯರೊಬ್ಬರ ಎಂಟು ಮಕ್ಕಳಲ್ಲಿ ಏಳನೆಯವರಾಗಿ ಹುಟ್ಟಿದ ಅನ್ನಾ, ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಲು ಬಂದ ವಜ್ರದ ಓಲೆಗಳನ್ನು ಬೇಡವೆಂದು ‘ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ’ವನ್ನು ಕೇಳಿ ಪಡೆದರೆಂಬ ಸಂಗತಿ ಅವರ ಬಗ್ಗೆ ಬರೆದವರೆಲ್ಲರ ಬಾಯಲ್ಲಿಯೂ ಬರುತ್ತದೆ. ಹುಡುಗಿಯ ಜ್ಞಾನದಾಹಕ್ಕೆ ಸಾಕ್ಷಿಯಾಗಿ ಉದ್ಧರಿಸಲಾಗುವ ಆ ಸಂಗತಿ, ಓಲೆಯನ್ನಾಗಲಿ ವಿಶ್ವಕೋಶವನ್ನಾಗಲಿ ಕೊಳ್ಳುವ ಶಕ್ತಿಯಿದ್ದ ಮನೆಗೂ ಸಾಕ್ಷಿ. ಟಾಟಾ ಇನ್‌ಸ್ಟಿಟ್ಯೂಟಿನ ಈ ತಲೆಮಾರಿನ ಮಹಿಳೆಯರಾರೂ ಬಡತನದಿಂದಾಗಲಿ, ಅಕ್ಷರವಿಲ್ಲದ ಮನೆಗಳಿಂದಾಗಲಿ ಬಂದವರಲ್ಲ. ಹೆಣ್ಣೆಂಬ ಅಡ್ಡಿಯೊಂದನ್ನೇ ಎದುರಿಸಲು ಇಷ್ಟು ಬಲ ಬೇಕಾಗಿದ್ದಾಗ, ಅದರ ಜೊತೆಗೆ ಬಡತನದ ಅಡ್ಡಿಯೂ ಜಾತಿಯ ಅಡ್ಡಿಯೂ ಸೇರಿದ್ದವರು ಆ ಬಾಗಿಲಿನವರೆಗೂ ಬರಲಾಗಲಿಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಆನರ್ಸ್ ಪದವಿಯನ್ನು 1939ರಲ್ಲಿ ಮುಗಿಸಿದ ಅನ್ನಾ, ಮರುವರ್ಷ ವಿದ್ಯಾರ್ಥಿವೇತನ ಪಡೆದು ರಾಮನ್ ಅವರ ಪ್ರಯೋಗಾಲಯ ಸೇರಿದರು. ರಾಮನ್ ಆಗ ವಜ್ರದ ಗುಂಗಿನಲ್ಲಿದ್ದರು. ಭಾರತ ಮತ್ತು ಆಫ್ರಿಕಾಗಳಿಂದ ಸಂಗ್ರಹಿಸಿದ ಸುಮಾರು 300 ವಜ್ರಗಳು ಅವರ ಬಳಿಯಿದ್ದು, ವಿಭಾಗದ ಹೆಚ್ಚಿನ ವಿದ್ಯಾರ್ಥಿಗಳು ಒಂದಲ್ಲ ಒಂದು ಬಗೆಯಲ್ಲಿ ಅದೇ ಹರಳಿನ ಮೇಲೆ ಕೆಲಸ ಮಾಡುತ್ತಿದ್ದರು. ಅನ್ನಾ ಅವರ ಪಾಲಿಗೆ ಬಂದದ್ದು ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿಯ ಅಧ್ಯಯನ: ಹರಳಿನ ಮೇಲೆ ಬೆಳಕು ಬಿದ್ದಾಗ ಅದು ಒಂದಿಷ್ಟನ್ನು ಹೀರಿಕೊಂಡು, ಬೇರೆ ಬಣ್ಣದ ಬೆಳಕನ್ನು ತಾನೇ ಹೊರಸೂಸುವ ಕ್ರಿಯೆ. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ದ್ರವೀಕರಿಸಿದ ಗಾಳಿಯ ಕಡುಶೀತದಲ್ಲಿಟ್ಟು, ಅವು ಸೂಸುವ ಮಂದ ಬೆಳಕನ್ನು ವರ್ಣಪಟಲವಾಗಿ ಬಿಡಿಸಿ ಛಾಯಾಫಲಕದ ಮೇಲೆ ಮೂಡಿಸಬೇಕಾಗಿತ್ತು. ಬೆಳಕು ತೀರ ಕ್ಷೀಣವಾದ ವಜ್ರಗಳಿಗೆ ಫಲಕವನ್ನು 15ರಿಂದ 20 ಗಂಟೆಗಳ ಕಾಲ ಒಡ್ಡಬೇಕಾಗುತ್ತಿದ್ದುದರಿಂದ, ಅವರು ಪ್ರಯೋಗಾಲಯದಲ್ಲಿಯೇ ರಾತ್ರಿ ಕಳೆಯುತ್ತಿದ್ದರು. ಗಂಡು ಹೆಣ್ಣು ವಿದ್ಯಾರ್ಥಿಗಳು ಒಟ್ಟಿಗೆ ಸೇರಿ ಮಾತನಾಡುವುದನ್ನು ರಾಮನ್ ಸಹಿಸುತ್ತಿರಲಿಲ್ಲ. ಫಲಿತಾಂಶದ ಬಗ್ಗೆ ಪಕ್ಕದವರೊಡನೆ ತರ್ಕಿಸುವುದು, ಉಪಕರಣ ಕೆಟ್ಟರೆ ಕೂಗಿ ಕರೆಯುವುದು, ಕಾಫಿಯ ಹೊತ್ತಿನಲ್ಲಿ ಒಂದು ಊಹೆಯನ್ನು ಹಂಚಿಕೊಳ್ಳುವುದು ಮುಂತಾಗಿ, ವಿಜ್ಞಾನದ ಕಲಿಕೆಯ ಅರ್ಧಭಾಗ ಸಾಗುವ ಆ ಒಡನಾಟ ಅನ್ನಾ ಮತ್ತು ಸುನಂದಾ ಇಬ್ಬರಿಗೂ ಬಹುಮಟ್ಟಿಗೆ ಎಟುಕಲಿಲ್ಲ. ಒಬ್ಬಂಟಿಯಾಗಿ ಬರೆದ ಲೇಖನಗಳು ಅವರ ಸಾಮರ್ಥ್ಯವನ್ನು ಎಷ್ಟು ತೋರಿಸುತ್ತವೆಯೋ ಆ ಒಂಟಿತನವನ್ನೂ ಅಷ್ಟೇ ತೋರಿಸುತ್ತವೆ.

1942ರಿಂದ 1945ರವರೆಗೆ ಅನ್ನಾ ಅವರು ಐದು ಲೇಖನಗಳನ್ನು ತಮ್ಮೊಬ್ಬರ ಹೆಸರಿನಲ್ಲಿ ಪ್ರಕಟಿಸಿದರು. ವಜ್ರ ಹೀರಿಕೊಳ್ಳುವ ಬೆಳಕಿನ ಪಟಲವೂ ಸೂಸುವ ಬೆಳಕಿನ ಪಟಲವೂ ಒಂದಕ್ಕೊಂದು ಪ್ರತಿಬಿಂಬದಂತಿವೆ ಎಂಬುದನ್ನು ಅವು ತೋರಿಸಿದವು. ಈ ಅಳತೆಗಳ ಹಿಂದೆ ದೊಡ್ಡ ವಾದವೊಂದಿತ್ತು. ವಜ್ರದ ಸ್ಫಟಿಕ ರಚನೆಯಲ್ಲಿಯೇ ಒಂದಕ್ಕಿಂತ ಹೆಚ್ಚು ಬಗೆಗಳಿವೆ, ಒಂದು ವಜ್ರ ನೀಲಿಯಾಗಿ ಹೊಳೆದು ಇನ್ನೊಂದು ಹೊಳೆಯದಿರುವುದಕ್ಕೆ ಅದೇ ಕಾರಣ ಎಂದು ರಾಮನ್ ಹಟ ಹಿಡಿದಿದ್ದರು. ಅದನ್ನು ಒಪ್ಪದೆ ಎದುರು ವಾದಿಸಿದವರಲ್ಲಿ ಲಂಡನ್ನಿನ ಸ್ಫಟಿಕ ವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಪ್ರಮುಖರು. ರಾಯಲ್ ಸೊಸೈಟಿ 1945ರಲ್ಲಿ ಮೊಟ್ಟಮೊದಲ ಬಾರಿಗೆ ಇಬ್ಬರು ಮಹಿಳೆಯರನ್ನು ಫೆಲೋಗಳಾಗಿ ಆರಿಸಿದಾಗ, ಆ ಇಬ್ಬರು ಇದೇ ಲಾನ್ಸ್‌ಡೇಲ್ ಮತ್ತು ಕಮಲಾ ಅವರು ಕೇಂಬ್ರಿಜ್ಜಿನಲ್ಲಿ ಕಂಡಿದ್ದ ಮಾರ್ಜರಿ ಸ್ಟೀಫನ್‌ಸನ್. ಕಾಲಕ್ರಮದಲ್ಲಿ ರಾಮನ್ ಅವರ ವಾದ ಬಿದ್ದುಹೋಯಿತು. ವಜ್ರಗಳ ನಡುವಣ ವ್ಯತ್ಯಾಸಕ್ಕೆ ಮುಖ್ಯ ಕಾರಣ ಅವುಗಳಲ್ಲಿ ಬೆರೆತಿರುವ ಸಾರಜನಕದ ಅಂಶ ಎಂದು 1950ರ ದಶಕದ ಕೊನೆಗೆ ತಿಳಿದುಬಂತು. ಆದರೆ ಅನ್ನಾ ಅವರ ಅಳತೆಗಳು ಯಾವ ವಾದವನ್ನೂ ನೆಚ್ಚಿಕೊಂಡಿರಲಿಲ್ಲವಾದ್ದರಿಂದ ಅವು ಉಳಿದುಕೊಂಡವು.

1945ರ ಆಗಸ್ಟಿನಲ್ಲಿ ಅವರು ಪಿಎಚ್.ಡಿ. ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಎಂ.ಎಸ್ಸಿ. ಪದವಿ ಇಲ್ಲದವರಿಗೆ ಪಿಎಚ್.ಡಿ. ಕೊಡಲಾಗದೆಂದು ವಿಶ್ವವಿದ್ಯಾಲಯ ಅದನ್ನು ನಿರಾಕರಿಸಿತು. ಆನರ್ಸ್ ಪದವಿ, ಐದು ಪ್ರಕಟಿತ ಲೇಖನ, ಸ್ನಾತಕೋತ್ತರ ಸಂಶೋಧನೆಗೆಂದೇ ಕೊಟ್ಟ ವಿದ್ಯಾರ್ಥಿವೇತನ ಇವಾವುವೂ ಲೆಕ್ಕಕ್ಕೆ ಬರಲಿಲ್ಲ. ಇದನ್ನು ಹೆಣ್ಣಿನ ಮೇಲಿನ ನೇರ ಅನ್ಯಾಯವೆಂದು ಕರೆಯುವ ಮುನ್ನ ತುಸು ಯೋಚಿಸಬೇಕು, ಏಕೆಂದರೆ ನಿಯಮ ಗಂಡಸರಿಗೂ ಅದೇ ಆಗಿತ್ತು. ಆದರೆ ಅದೇ ಪ್ರಯೋಗಾಲಯದ ಜಿ.ಎನ್. ರಾಮಚಂದ್ರನ್ ಮೊದಲು ಪ್ರಬಂಧದ ಮೂಲಕ ಮದರಾಸಿನ ಸ್ನಾತಕೋತ್ತರ ಪದವಿಯನ್ನು ಪಡೆದು, ಆಮೇಲೆ ಡಿ.ಎಸ್ಸಿ.ಗೆ ಹೋದದ್ದನ್ನು ನೋಡಿದರೆ, ನಿಯಮವನ್ನು ದಾಟುವ ಮೆಟ್ಟಿಲುಗಳಿದ್ದವು ಎಂದೂ, ಅವುಗಳ ತಿಳಿವಳಿಕೆ ಬರುವುದು ವಿಭಾಗದ ಒಡನಾಟದಿಂದಲೇ ಎಂದೂ ಹೇಳಬೇಕಾಗುತ್ತದೆ. ಅನ್ನಾ ಅವರ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರ ಪ್ರಬಂಧಗಳ ಸಾಲಿನಲ್ಲಿಯೇ ಇದೆ. ಪದವಿಯಿಲ್ಲದ್ದರಿಂದ ತಮಗೇನೂ ನಷ್ಟವಾಗಲಿಲ್ಲವೆಂದೇ ಅವರು ಕೊನೆಯವರೆಗೂ ಹೇಳಿದರು. ವಿಜ್ಞಾನದಲ್ಲಿ ಹೆಣ್ಣೆಂಬುದನ್ನು ಎತ್ತಿ ಆಡುವುದೇ ಅವರಿಗೆ ಇಷ್ಟವಿರಲಿಲ್ಲ. ಅವರ ಮಾತನ್ನು ಗೌರವಿಸುತ್ತಲೇ ಇಷ್ಟನ್ನು ಹೇಳಬಹುದು: ಅವರಿಗೆ ನಷ್ಟವಾಗದಿದ್ದರೂ ಭಾರತದ ಭೌತಶಾಸ್ತ್ರಕ್ಕೆ ಆಯಿತು, ಏಕೆಂದರೆ ಅವರು ಆ ಕ್ಷೇತ್ರವನ್ನು ಬಿಟ್ಟುಹೋದರು.

ಇಂಗ್ಲೆಂಡಿನಲ್ಲಿ ತರಬೇತಿ ಪಡೆಯಲು ಸರ್ಕಾರ ಕೊಡುತ್ತಿದ್ದ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಅನ್ನಾ, ಭೌತಶಾಸ್ತ್ರವನ್ನೇ ಮುಂದುವರಿಸುವ ಇಚ್ಛೆಯಿದ್ದರೂ, ಆಗ ಲಭ್ಯವಿದ್ದುದು ಹವಾಮಾನದ ಉಪಕರಣಗಳ ವಿಷಯ ಒಂದೇ ಆದ್ದರಿಂದ ಅದನ್ನೇ ಒಪ್ಪಿಕೊಂಡು, 1945ರಲ್ಲಿ ಸೈನಿಕರ ಹಡಗೊಂದರಲ್ಲಿ ಲಂಡನ್ನಿಗೆ ಹೊರಟು ಇಂಪೀರಿಯಲ್ ಕಾಲೇಜನ್ನು ಸೇರಿದರು. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದಾಗ, ಮಳೆಮಾಪಕ, ಉಷ್ಣಮಾಪಕ, ಗಾಳಿಯ ವೇಗ ತೋರಿಸುವ ಸಾಧನಗಳಂಥ ಸರಳ ಉಪಕರಣಗಳನ್ನೂ ದೇಶ ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. ಎಸ್.ಪಿ. ವೆಂಕಟೇಶ್ವರನ್ ಅವರು ಕಟ್ಟುತ್ತಿದ್ದ ಉಪಕರಣ ವಿಭಾಗದ ಹೊಣೆ ಮುಂದೆ ಅನ್ನಾ ಅವರಿಗೆ ಬಂದು, ನೂರಕ್ಕೂ ಹೆಚ್ಚು ಗಂಡಸರು ಅವರ ಕೈಕೆಳಗೆ ದುಡಿದರು. ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಅವರು ಏಕರೂಪಕ್ಕೆ ತಂದು ತಯಾರಿಕೆಗೆ ಒದಗಿಸಿದರು. ತಪ್ಪು ಅಳತೆಗಿಂತ ಅಳತೆಯಿಲ್ಲದಿರುವುದೇ ಮೇಲು ಎಂಬುದು ಅವರ ನಿಲುವಾಗಿತ್ತು. ಅಂತರರಾಷ್ಟ್ರೀಯ ಭೂಭೌತ ವರ್ಷವಾದ 1957–58ರಲ್ಲಿ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ದೇಶದಲ್ಲಿ ಸ್ಥಾಪಿಸಿದರು. 1960ರ ದಶಕದಲ್ಲಿ ಬಲೂನಿಗೆ ಕಟ್ಟಿ ಮೇಲಕ್ಕೆ ಬಿಟ್ಟಾಗ ವಾಯುಮಂಡಲದ ಎತ್ತರದ ಪದರಗಳಲ್ಲಿನ ಓಝೋನನ್ನು ಅಳೆದು ರೇಡಿಯೋ ಮೂಲಕ ತಿಳಿಸುವ ‘ಓಝೋನ್‌ಸೋಂಡ್’ ಎಂಬ ಸಾಧನವನ್ನು ಭಾರತದಲ್ಲಿಯೇ ರೂಪಿಸಿದರು. ರಾಕೆಟ್ ಹಾರಿಸುವವರಿಗೆ ಗಾಳಿಯ ದಿಕ್ಕು, ವೇಗಗಳ ನಿಖರ ಮಾಹಿತಿ ಬೇಕೇ ಬೇಕು. ಆದ್ದರಿಂದ ವಿಕ್ರಂ ಸಾರಾಭಾಯಿ ಅವರು 1963ರಲ್ಲಿ ತುಂಬಾ ಉಡಾವಣಾ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳ ಗೋಪುರವನ್ನೂ ಸ್ಥಾಪಿಸುವ ಕೆಲಸವನ್ನು ಅನ್ನಾ ಅವರಿಗೇ ಒಪ್ಪಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಅವರು ಮರಳಿ ಬಂದದ್ದು ಬೆಂಗಳೂರಿಗೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಕಾಲ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದು, 1980 ಮತ್ತು 1981ರಲ್ಲಿ ಭಾರತದ ಸೌರ ವಿಕಿರಣವನ್ನು ಕುರಿತ ಎರಡು ಬೃಹತ್ ಕೈಪಿಡಿಗಳನ್ನು ಹೊರತಂದು, ನಗರದಲ್ಲಿ ತಮ್ಮದೇ ಕಾರ್ಖಾನೆಯಲ್ಲಿ ಗಾಳಿ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳನ್ನು ತಯಾರಿಸಿದರು. ಇಂದಿನ ಸೌರಶಕ್ತಿ, ಪವನಶಕ್ತಿ ಯೋಜನೆಗಳಿಗೆ ಬೇಕಾದ ಮೊದಲ ಅಂಕಿಅಂಶಗಳು ಬಂದದ್ದು ಈ ಕೆಲಸದಿಂದ. 2001ರ ಆಗಸ್ಟಿನಲ್ಲಿ ಅವರು ತಿರುವನಂತಪುರದಲ್ಲಿ ನಿಧನರಾದರು.

ರಾಜೇಶ್ವರಿ ಚಟರ್ಜಿ ಅವರ ಕಥೆ ಕನ್ನಡ ನೆಲದ್ದೇ. 1922ರ ಜನವರಿ 24ರಂದು ಹುಟ್ಟಿದ ಅವರ ತಂದೆ ಬಿ.ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಕೆಲವು ಪದವೀಧರೆಯರಲ್ಲಿ ಒಬ್ಬರು, ವಿಧವೆಯರು ಮತ್ತು ಗಂಡ ಬಿಟ್ಟ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಬೆಂಗಳೂರಿನ ಮಹಿಳಾ ಸೇವಾ ಸಮಾಜದ ಶಾಲೆಯಲ್ಲಿ ಕಲಿತ ರಾಜೇಶ್ವರಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಆನರ್ಸ್ ಮತ್ತು ಎಂ.ಎಸ್ಸಿ. ಎರಡರಲ್ಲಿಯೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದಾಗ ಅವರೂ ರಾಮನ್ ಅವರನ್ನು ಕಂಡರು, ಅವರಿಗೂ ಜಾಗ ಸಿಗಲಿಲ್ಲ. ಹೆಣ್ಣಾದ್ದರಿಂದಲೇ ನಿರಾಕರಿಸಿದರೆಂಬ ಮಾತು ಹರಡಿದ್ದರೂ, ತಮಗೆ ಭೌತಶಾಸ್ತ್ರದ ಪದವಿ ಇಲ್ಲದಿದ್ದುದೇ ಕಾರಣವೆಂದು ಸ್ವತಃ ರಾಜೇಶ್ವರಿ ಅವರೇ ಬರೆದಿದ್ದಾರೆ. ರಾಮನ್ ಅವರ ಬಗ್ಗೆ ಪ್ರಚಲಿತವಿರುವ ಎಲ್ಲ ಕಥೆಗಳನ್ನೂ ಒಂದೇ ಅಚ್ಚಿಗೆ ಹೊಯ್ಯುವವರು ಇದನ್ನು ನೆನಪಿಡಬೇಕು. ರಾಜೇಶ್ವರಿ ಅವರು ಸೇರಿದ್ದು ವಿದ್ಯುತ್ ತಂತ್ರಜ್ಞಾನ ವಿಭಾಗದ ಸಂಪರ್ಕ ಶಾಖೆಯನ್ನು. ಎರಡನೆಯ ಮಹಾಯುದ್ಧದ ನಡುವೆ ರೇಡಿಯೋ ಮತ್ತು ರೇಡಾರ್‌ಗಳ ಮಹತ್ವ ಸರ್ಕಾರಗಳಿಗೆಲ್ಲ ಅರಿವಾಗಿ, ಆ ವಿಷಯ ಕಲಿತವರು ಸಿಕ್ಕರೆ ಸಾಕು ಎಂಬಂತಿದ್ದ ಕಾಲವದು.

ಯುದ್ಧ ಮುಗಿದ ಮೇಲೆ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಸೈನಿಕರನ್ನು ಸಾಗಿಸಲು ಬಳಸಿದ್ದ ಹಡಗೊಂದರಲ್ಲಿ ಸುಮಾರು ಒಂದು ತಿಂಗಳ ಪ್ರಯಾಣ ಮಾಡಿ 1947ರಲ್ಲಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯವನ್ನು ತಲುಪಿದರು. ಏಷ್ಯಾದ ಮಹಿಳೆಯರಿಗೆಂದು ಅಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನ ಜಾನಕಿ ಅಮ್ಮಾಳ್ ಅವರಿಗೆ ದೊರೆತಂತೆ ಇವರಿಗೂ ದೊರೆಯಿತು. ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಕಂಪನಾಂಕಗಳ ಅಳತೆಯ ತರಬೇತಿ, ವಿಲಿಯಂ ಜಿ. ಡೌ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಇವನ್ನೆಲ್ಲ ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿದರು. ಸಂಸ್ಥೆ ಈ ಬಾರಿ ಅವರನ್ನು ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದ ಅಧ್ಯಾಪಕಿಯಾಗಿ ನೇಮಿಸಿಕೊಂಡಿತು. ಕಮಲಾ ಅವರು ಸತ್ಯಾಗ್ರಹದ ಮಾತೆತ್ತಿ ಇಪ್ಪತ್ತು ವರ್ಷಗಳಾಗಿದ್ದವು.

ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ರಾಜೇಶ್ವರಿ ಮದುವೆಯಾದರು, ಮತ್ತು ಇಬ್ಬರೂ ಸೇರಿ ದೇಶದಲ್ಲಿ ಮೈಕ್ರೋವೇವ್ ಸಂಶೋಧನೆಗೆ ನಾಂದಿ ಹಾಡಿದ ಪ್ರಯೋಗಾಲಯವನ್ನು ಕಟ್ಟಿದರು. ಮೈಕ್ರೋವೇವ್ ಎಂದರೆ ಕೆಲವೇ ಸೆಂಟಿಮೀಟರುಗಳ ಅಲೆಯುದ್ದದ ರೇಡಿಯೋ ತರಂಗ. ರೇಡಾರ್ ಕಾಣುವುದೂ ಉಪಗ್ರಹ ಮಾತನಾಡುವುದೂ ಅದರ ಮೂಲಕವೇ. ವಿಮಾನದ ಮೈಮೇಲೆ ಉಬ್ಬಿಕೊಂಡು ಗಾಳಿಗೆ ಎದುರಾಗದಂತೆ, ವೇಗ ಮತ್ತು ಕಂಪನಗಳನ್ನು ತಾಳಿಕೊಂಡು ಸಂಕೇತವನ್ನು ಬೇಕಾದ ದಿಕ್ಕಿಗೆ ಮಾತ್ರ ಕಳುಹಿಸುವ ಆಂಟೆನಾಗಳನ್ನು ರೂಪಿಸುವುದು ಸುಲಭದ ಗಣಿತವಲ್ಲ. ರಾಜೇಶ್ವರಿ ಅವರ ಸಂಶೋಧನೆಯ ಮುಖ್ಯ ಭಾಗ ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳಿಗೆ ಬೇಕಾದ ಇಂಥ ಆಂಟೆನಾಗಳ ಸುತ್ತ ಬೆಳೆಯಿತು. ನೂರಕ್ಕೂ ಹೆಚ್ಚು ಸಂಶೋಧನ ಲೇಖನಗಳನ್ನು ಬರೆದು, 20 ಮಂದಿಯ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿ, ಪಠ್ಯಪುಸ್ತಕಗಳನ್ನೂ ರಚಿಸಿದ ಅವರು ಪ್ರಾಧ್ಯಾಪಕಿಯಾಗಿ 1982ರಲ್ಲಿ ನಿವೃತ್ತರಾದರು. 1958ರ ಬಳಿಕ ಸಂಸ್ಥೆ ತಾನೇ ಪದವಿ ಕೊಡತೊಡಗಿದ್ದರಿಂದ, ಅವರ ವಿದ್ಯಾರ್ಥಿಗಳು ಪ್ರಬಂಧವನ್ನು ಹೊತ್ತು ಬೇರೆ ಊರಿಗೆ ಹೋಗಬೇಕಾಗಲಿಲ್ಲ.

ಈ ಮೂವರ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದಾಗ, ಪ್ರತಿಭೆಗೆ ಎಲ್ಲಿ ನೆಲ ಸಿಕ್ಕಿತೆಂಬುದರಲ್ಲಿ ಒಂದು ಕ್ರಮ ಕಾಣುತ್ತದೆ. ಜೀವರಸಾಯನ, ಹವಾಮಾನ ಉಪಕರಣಗಳು, ಮೈಕ್ರೋವೇವ್ ಈ ಮೂರೂ ಆಗ ಇನ್ನೂ ಹಿರಿಯರ ಸಾಲು ಗಟ್ಟಿಯಾಗಿರದ, ಕೆಲಸ ಬಲ್ಲವರ ಅಭಾವವಿದ್ದ ಕ್ಷೇತ್ರಗಳು. ಪ್ರತಿಷ್ಠೆಯ ತುದಿಯಲ್ಲಿದ್ದ ಭೌತಶಾಸ್ತ್ರ ತನ್ನ ವಿಭಾಗದ ಮೂವರು ಮಹಿಳೆಯರಲ್ಲಿ ಒಬ್ಬರನ್ನು ಮದುವೆಗೂ, ಇನ್ನೊಬ್ಬರನ್ನು ಸಾವಿಗೂ, ಮತ್ತೊಬ್ಬರನ್ನು ಬೇರೆ ಇಲಾಖೆಗೂ ಕಳೆದುಕೊಂಡಿತು. ಇದನ್ನು ಒಬ್ಬ ವ್ಯಕ್ತಿಯ ಸ್ವಭಾವದ ಮೇಲಷ್ಟೇ ಹೊರಿಸಿದರೆ ಸಾಲದು. ರಾಮನ್ ಅವರಿಗೆ ಸಂಬಂಧವೇ ಇಲ್ಲದ ಮುಂಬಯಿಯಲ್ಲಿಯೂ ಕಮಲಾ ಅವರು ನಾಲ್ಕು ವರ್ಷ ಕಾಯಬೇಕಾಯಿತು.

ನಿವೃತ್ತಿಯ ಬಳಿಕ ರಾಜೇಶ್ವರಿ ಅವರು ಮಹಿಳಾ ಅಧ್ಯಯನದ ರಾಷ್ಟ್ರೀಯ ಸಂಘಟನೆಯಲ್ಲಿ ದುಡಿಯುತ್ತ, ತಮ್ಮ ಮನೆತನದ ಹಲವು ತಲೆಮಾರುಗಳ ಹೆಣ್ಣುಮಕ್ಕಳ ಬದುಕನ್ನೂ, ವಿಜ್ಞಾನ ಮತ್ತು ಇಂಜಿನಿಯರಿಂಗ್ ಓದಿದ ಇತರ ಮಹಿಳೆಯರ ಬದುಕನ್ನೂ ಪುಸ್ತಕಗಳಲ್ಲಿ ದಾಖಲಿಸಿದರು. 2010ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕಗಳಲ್ಲಿ ಗೆದ್ದವರ ಜೊತೆಗೆ ನಡುವೆಯೇ ಓದು ಬಿಟ್ಟವರು, ಕೆಲಸ ತೊರೆದವರು, ಮನೆಯಿಂದ ಹೊರಗೆ ಬರಲಾರದೆ ಹೋದವರೂ ಇದ್ದಾರೆ.